ಸಭೆಗೆ ಬಾರದವರು

“ಸರ, ಇದನ್ನ ಎಲ್ಲಿ ಮಾತಾಡಿದ್ರಿ? ನನಗ ಎಲ್ಲೂ ಸಿಗವಲ್ದು.”

ಧಾರವಾಡದ ಹುಡುಗನೊಬ್ಬ ರಾತ್ರಿ ಹನ್ನೊಂದರ ಹೊತ್ತಿಗೆ ನನಗೆ ಕಳಿಸಿದ ಸಂದೇಶ ಅದು. ಎಷ್ಟೋ ವರ್ಷಗಳಾದವು. ಅದಕ್ಕೆ ನಾನು ಕೊಟ್ಟ ಉತ್ತರ ನೆನಪಾದರೆ ಈಗಲೂ ಮನಸ್ಸು ಮುದುಡುತ್ತದೆ.

ನಾವೊಂದು ಹತ್ತು ಜನ ಆಗ ಮುಕ್ತ ತಂತ್ರಾಂಶವೊಂದನ್ನು ಕನ್ನಡಕ್ಕೆ ತರುವ ಕೆಲಸದಲ್ಲಿದ್ದೆವು. ಸಂಬಳವಿಲ್ಲ, ಮೇಲಧಿಕಾರಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಆಫೀಸಿನಿಂದ ಬಂದು ಊಟ ಮುಗಿಸಿ ಕೂತರೆ ಒಂದು ರಾತ್ರಿಗೆ ಮೂವತ್ತೋ ನಲವತ್ತೋ ಸಾಲು ಆಗುತ್ತಿತ್ತು. ನಮ್ಮಲ್ಲಿ ಬಹುಪಾಲು ಬೆಂಗಳೂರಿನವರು. ಆ ಹುಡುಗ ಮಾತ್ರ ಧಾರವಾಡದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ನಾನು ಅವನ ಮುಖ ನೋಡಿರಲಿಲ್ಲ. ಆದರೆ ಅವನ ಸಾಲುಗಳನ್ನು ಬಲ್ಲೆ. ನಾಲ್ಕು ತಿಂಗಳಲ್ಲಿ 400ಕ್ಕೂ ಹೆಚ್ಚು ಸಾಲುಗಳನ್ನು ಒಬ್ಬನೇ ಅನುವಾದಿಸಿದ್ದ. ಯಂತ್ರದ ಮಾತನ್ನು ಮನೆಯ ಮಾತಿನಲ್ಲಿ ಹೇಳುವ ಕೈ ಅವನದು.

ಒಂದು ಶನಿವಾರ ಗಾಂಧಿಬಜಾರಿನ ಹೋಟೆಲಿನಲ್ಲಿ ನಾವು ಐದು ಜನ ಕಾಫಿಗೆ ಸೇರಿದ್ದೆವು. ‘ಪಾಸ್‌ವರ್ಡ್’ ಅನ್ನೋಣವೋ ‘ಗುಪ್ತಪದ’ ಅನ್ನೋಣವೋ ಎಂಬ ಮಾತು ಬಂತು. ಒಂದು ಗಂಟೆ ಒಳ್ಳೆಯ ಚರ್ಚೆಯೇ ನಡೆಯಿತು. ಕೊನೆಗೆ ಗುಪ್ತಪದ ಅಂತ ಆಯಿತು. ನಾನು ಮನೆಗೆ ಬಂದವನೇ ಎಲ್ಲ ಕಡತಗಳಲ್ಲೂ ಆ ಪದವನ್ನು ಹುಡುಕಿ ಒಂದೇ ಸಲಕ್ಕೆ ಬದಲಿಸಿಬಿಟ್ಟೆ. ಹುಡುಗ ಬರೆದ ಸಾಲುಗಳಲ್ಲೂ.

ಅವನ ಪ್ರಶ್ನೆಗೆ ನಾನು ಬರೆದದ್ದು ಇಷ್ಟು: “ಎಲ್ಲರೂ ಸೇರಿ ತೀರ್ಮಾನಿಸಿದ್ದು. ನೀವೂ ಬರಬಹುದಿತ್ತು, ಯಾರೂ ಬೇಡ ಅಂದಿರಲಿಲ್ಲ.”

ಧಾರವಾಡಕ್ಕೂ ಗಾಂಧಿಬಜಾರಿಗೂ 400 ಕಿಲೋಮೀಟರಿಗೂ ಹೆಚ್ಚು ದೂರ. ಅವತ್ತು ಕಾಫಿಗೆ ಸೇರುತ್ತೇವೆಂದು ಅವನಿಗೆ ಯಾರೂ ಹೇಳಿರಲೂ ಇಲ್ಲ. ಅವನು “ಆತ್ರಿ ಸರ” ಎಂದಷ್ಟೇ ಬರೆದ. ಜಗಳವಾಡಲಿಲ್ಲ. ಆಮೇಲೆ ಅವನಿಂದ ಒಂದು ಸಾಲೂ ಬರಲಿಲ್ಲ.

ನಮ್ಮದು ಮುಚ್ಚಿದ ಗುಂಪು ಎಂದು ಯಾರಾದರೂ ಅಂದಿದ್ದರೆ ನಾನು ಸಿಟ್ಟಾಗುತ್ತಿದ್ದೆ. ನಮ್ಮ ಪ್ರತಿಯೊಂದು ಕಡತವೂ ಅಂತರಜಾಲದಲ್ಲಿ ಬಿಚ್ಚಿಟ್ಟಿತ್ತು. ಯಾರು ಬೇಕಾದರೂ ಸೇರಬಹುದಿತ್ತು, ಯಾವ ಸಾಲನ್ನು ಯಾರು ಯಾವಾಗ ಬದಲಿಸಿದರೆಂದು ನೋಡಬಹುದಿತ್ತು. ನಾನು ಬದಲಿಸಿದ್ದು ಆ ಹುಡುಗನಿಗೆ ಗೊತ್ತಾದದ್ದೇ ಹಾಗೆ. ಏನು ಬದಲಾಯಿತು ಎಂಬುದು ಅವನ ಕಣ್ಣೆದುರಿಗಿತ್ತು. ಯಾಕೆ ಬದಲಾಯಿತು ಎಂಬುದು ಹೋಟೆಲಿನ ಮೇಜಿನ ಮೇಲೆ ಕಾಫಿಲೋಟದ ಜೊತೆ ಉಳಿದುಹೋಗಿತ್ತು.

ನಮ್ಮಪ್ಪ ಹಾಸನದ ಕಡೆಯ ನಮ್ಮೂರಿನ ಹಾಲಿನ ಡೇರಿಗೆ ಬಹಳ ವರ್ಷ ಕಾರ್ಯದರ್ಶಿಯಾಗಿದ್ದರು. ಆಡಳಿತ ಮಂಡಳಿಯ ಸಭೆ ಮುಗಿದ ರಾತ್ರಿ ಮಲಗುವ ಮುಂಚೆ ಲಾಂದ್ರದ ಬೆಳಕಿನಲ್ಲಿ ಠರಾವು ಪುಸ್ತಕ ಬರೆಯುವುದು ಅವರ ವ್ರತ. ವಿಷಯ, ಚರ್ಚೆ, ತೀರ್ಮಾನ, ಸೂಚಕರು ಇಂಥವರು, ಅನುಮೋದಕರು ಇಂಥವರು. ಯಾರಾದರೂ ಒಪ್ಪದಿದ್ದರೆ ಅವರ ಹೆಸರು, ಅವರು ಹೇಳಿದ ಕಾರಣ. ಬರೆದಾದ ಮೇಲೆ ಪುಟದಲ್ಲಿ ಜಾಗ ಉಳಿದರೆ ಅಲ್ಲಿ ಓರೆಗೆರೆ ಎಳೆಯುತ್ತಿದ್ದರು, ನಾಳೆ ಯಾರೂ ಅಲ್ಲಿ ಒಂದಕ್ಷರ ತುರುಕಬಾರದೆಂದು. ಸಭೆಯಲ್ಲಿದ್ದವರು ಹನ್ನೊಂದೇ ಜನ, ಎಲ್ಲರಿಗೂ ಎಲ್ಲ ಗೊತ್ತು, ಇಷ್ಟುದ್ದ ಯಾಕೆ ಬರೆಯುತ್ತೀರಿ ಎಂದು ಒಮ್ಮೆ ಕೇಳಿದ್ದೆ. ತಲೆ ಎತ್ತದೆ ಅಂದರು: “ಬಂದೋರಿಗೆ ಇದು ಬ್ಯಾಡ ಕಣೋ, ಅವ್ರು ಕೇಳವ್ರೆ. ಬರ್ದೇ ಇದ್ದೋರಿಗೆ ಇದು.”

ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ ನಾಡು ನಮ್ಮದು. ಮುಂದೆ ಊರೂರಿನಲ್ಲಿ ಹಳ್ಳಿಯವರು ತಮ್ಮ ಸಂಘದ ತೀರ್ಮಾನವನ್ನು ಬರೆದಿಟ್ಟು ಸಹಿ ಹಾಕುವುದನ್ನು ಕಲಿತರು. ಕಂಪ್ಯೂಟರು ಕಲಿತ ನಾವು ಅದನ್ನು ಹಳೆಯ ಕಾಲದ ಕಾಗದಪತ್ರವೆಂದುಕೊಂಡೆವು.

ಆ ಹುಡುಗ ಹೋದ ಮೇಲೆ ಇಂಥ ಬೇರೆ ಗುಂಪುಗಳು ಹೇಗೆ ನಡೆಯುತ್ತವೆಂದು ಹುಡುಕುತ್ತ ಹೋದೆ. ಹೆಚ್ಚು ಹೊತ್ತು ನಿಂತದ್ದು ಡೆಬಿಯನ್ ಬಾಗಿಲಲ್ಲಿ. 1993ರ ಆಗಸ್ಟಿನಲ್ಲಿ ಇಯನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಶುರುಮಾಡಿದ ಕಾರ್ಯಾಚರಣ ವ್ಯವಸ್ಥೆ ಅದು. ತನ್ನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಇಟ್ಟ ಹೆಸರು. ನಮ್ಮಲ್ಲಿ ಹಲವರು ಬಳಸುವ ಉಬುಂಟು ನಿಂತಿರುವುದು ಅದರ ತಳಪಾಯದ ಮೇಲೆ. ಡೆಬಿಯನ್ ಅನ್ನು ಕನ್ನಡದಲ್ಲೇ ಅನುಸ್ಥಾಪಿಸಬಹುದು. ಗುಬ್ಬಿ, ನವಿಲು ಎಂಬ ಕನ್ನಡದ ಅಕ್ಷರಶೈಲಿಗಳೂ ಅದರ ಭಂಡಾರದಲ್ಲಿವೆ. ಜಗತ್ತಿನಾದ್ಯಂತ ಹರಡಿರುವ ಸುಮಾರು ಸಾವಿರ ಸದಸ್ಯರು ಅದನ್ನು ಕಟ್ಟುತ್ತಾರೆ. ಡೆಬಿಯನ್ ತನ್ನ ಸದಸ್ಯರಿಗೆ ಸಂಬಳ ಕೊಡುವುದಿಲ್ಲ.

ಈ ಜನ 1998ರ ಡಿಸೆಂಬರಿನಲ್ಲಿ ತಮಗೆ ತಾವೇ ಒಂದು ಸಂವಿಧಾನ ಬರೆದುಕೊಂಡರು. ಅದರ ಆರಂಭದಲ್ಲೇ ಒಂದು ವಿಧಿಯಿದೆ. ಇದರಲ್ಲಿರುವ ಯಾವ ಮಾತೂ ಯಾರ ಮೇಲೂ ಕೆಲಸವನ್ನು ಹೇರುವುದಿಲ್ಲ. ವಹಿಸಿದ ಕೆಲಸ ಬೇಡವೆನಿಸಿದರೆ ಮಾಡದೆ ಇರಬಹುದು. ಆದರೆ ನಿಯಮದ ಪ್ರಕಾರ ಆದ ತೀರ್ಮಾನಕ್ಕೆ ಅಡ್ಡಗಾಲು ಹಾಕಬಾರದು. ಅದರ ತಿರುಳು ಇಷ್ಟು. ಮೊದಲ ಸಲ ಓದಿದಾಗ ಇದೆಂಥ ಸಂವಿಧಾನ ಅನ್ನಿಸಿತ್ತು. ಆಮೇಲೆ ಅದನ್ನೇ ಮತ್ತೆ ಮತ್ತೆ ಓದಿದೆ. ಸ್ವಯಂಸೇವಕನಿಗೆ ಆಜ್ಞೆ ಮಾಡುವ ಹಾಗಿಲ್ಲ. ಅವನನ್ನು ಕೆಲಸದಿಂದ ತೆಗೆಯುತ್ತೇನೆ, ಸಂಬಳ ಹಿಡಿಯುತ್ತೇನೆ ಎಂದು ಹೆದರಿಸುವ ಹಾಗಿಲ್ಲ. ಅವನು ಒಪ್ಪದ ತೀರ್ಮಾನವೊಂದರ ಕೆಳಗೂ ಅವನನ್ನು ನಿಲ್ಲಿಸಿಕೊಳ್ಳಲು ನಮ್ಮ ಕೈಯಲ್ಲಿರುವುದು ಅದರ ಕಾರಣ ಒಂದೇ. ಆ ಕಾರಣವನ್ನೇ ಅವನಿಗೆ ಕಾಣದ ಹಾಗೆ ಇಟ್ಟರೆ ಮತ್ತೇನು ಉಳಿಯಿತು? ಸಂಬಳದ ಕಚೇರಿಯಲ್ಲಿ ಗುಟ್ಟಿನ ತೀರ್ಮಾನಕ್ಕೂ ಕೆಲಸ ನಡೆಯುತ್ತದೆ, ಗೊಣಗುತ್ತಲಾದರೂ. ನಮ್ಮಂಥ ಗುಂಪಿನಲ್ಲಿ ಜನ ಸುಮ್ಮನೆ ಎದ್ದು ಹೋಗುತ್ತಾರೆ.

ಡೆಬಿಯನ್‌ನಲ್ಲಿ ಇಡೀ ಸದಸ್ಯರ ಮುಂದೆ ಒಂದು ಠರಾವು ಬರಬೇಕಾದರೆ ಮಂಡಿಸಿದವರ ಜೊತೆಗೆ ಅನುಮೋದಕರು ಬೇಕು. ಅವರ ಸಂಖ್ಯೆಯನ್ನು ಲೆಕ್ಕ ಹಾಕಲು ವರ್ಗಮೂಲದ ಸೂತ್ರವೊಂದಿದೆ, ಆದರೆ ಐದಕ್ಕಿಂತ ಹೆಚ್ಚು ಬೇಕಿಲ್ಲ. ಕೋರಂ ಕೂಡ ಅದೇ ಸೂತ್ರದಿಂದ ಬರುತ್ತದೆ. ಸಾವಿರ ಸದಸ್ಯರಿದ್ದರೆ 50ಕ್ಕಿಂತ ಕಡಿಮೆ ಮಂದಿ ಸಾಕು. ಇದನ್ನು ಓದುವಾಗ ನಮ್ಮಪ್ಪನ ಪುಸ್ತಕದ ಸೂಚಕರು-ಅನುಮೋದಕರೇ ಕಣ್ಣಮುಂದೆ ಬಂದರು. ಮತಪತ್ರದಲ್ಲಿ ಒಬ್ಬರನ್ನೇ ಆರಿಸುವುದಿಲ್ಲ, ಎಲ್ಲ ಆಯ್ಕೆಗಳಿಗೂ ಒಂದು, ಎರಡು, ಮೂರು ಎಂದು ಕ್ರಮಾಂಕ ಕೊಡುತ್ತಾರೆ. ‘ಇವು ಯಾವುವೂ ಬೇಡ’ ಎಂಬುದೂ ಒಂದು ಆಯ್ಕೆ. ನಮ್ಮ ಚುನಾವಣೆಯ ನೋಟಾ ಎಣಿಕೆಯಲ್ಲಷ್ಟೇ ನಿಲ್ಲುತ್ತದೆ. ಅಲ್ಲಿ ಅದಕ್ಕೆ ಸೋತ ಅಭ್ಯರ್ಥಿ ಗೆಲ್ಲುವಂತಿಲ್ಲ. ಯೋಜನೆಯ ನಾಯಕನನ್ನು ಪ್ರತಿ ವರ್ಷ ಹೀಗೆ ಆರಿಸುತ್ತಾರೆ. 2019ರಲ್ಲಿ ನಾಮಪತ್ರದ ಗಡುವು ಮುಗಿದರೂ ಒಬ್ಬರೂ ಮುಂದೆ ಬರಲಿಲ್ಲ. ಅದೂ ಎಲ್ಲರಿಗೂ ಕಾಣುವ ಹಾಗೇ ಆಯಿತು. ಗಡುವು ಒಂದು ವಾರ ಮುಂದೆ ಹೋಯಿತು, ಆಗ ಜನ ಬಂದರು.

ಇಷ್ಟೆಲ್ಲ ನಿಯಮವಿದ್ದರೆ ನೋವಾಗುವುದಿಲ್ಲವೇ ಎಂದರೆ, ಆಗುತ್ತದೆ. ಯಂತ್ರ ಶುರುವಾದಾಗ ಉಳಿದ ತಂತ್ರಾಂಶಗಳನ್ನೆಲ್ಲ ಎಬ್ಬಿಸುವ ಕೆಲಸ ಯಾವುದಕ್ಕೆ ಕೊಡಬೇಕು ಎಂಬ ಪ್ರಶ್ನೆ 2014ರಲ್ಲಿ ಬಂತು. ಸಿಸ್ಟಮ್‌ಡಿ ಎಂಬ ಹೊಸದಕ್ಕೋ, ಬೇರೆಯದಕ್ಕೋ. ಎಂಟು ಜನರ ತಾಂತ್ರಿಕ ಸಮಿತಿ ನಾಲ್ಕು-ನಾಲ್ಕಾಗಿ ಒಡೆಯಿತು. ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಬಂತು. ಜಗಳ ಅಲ್ಲಿಗೆ ನಿಲ್ಲಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಸಮಿತಿಯ ಮೂವರು ಹುದ್ದೆ ಬಿಟ್ಟರು. ಒಪ್ಪದ ಕೆಲವರು ಡೆವುವಾನ್ ಎಂಬ ಹೆಸರಿನಲ್ಲಿ ಬೇರೆಯೇ ಸಂಸಾರ ಹೂಡಿದರು. ಅಣ್ಣತಮ್ಮಂದಿರು ಪಾಲಾದಾಗ ಬಾವಿಯನ್ನು ಹೇಗೆ ಹಂಚುವುದೆಂಬುದೇ ದೊಡ್ಡ ತಕರಾರು. ಮುಕ್ತ ತಂತ್ರಾಂಶದಲ್ಲಿ ಪಾಲಾದವರಿಬ್ಬರಿಗೂ ಇಡೀ ಬಾವಿ ಸಿಗುತ್ತದೆ. ಹಾಗೆಂದು ಪಾಲಾಗುವ ಸಂಕಟ ಕಡಿಮೆಯಾಗುವುದಿಲ್ಲ. ಆ ತಿಂಗಳುಗಳ ವಾದವನ್ನು ನಾನು ಓದಿದ್ದೇನೆ. ವರ್ಷಗಟ್ಟಲೆ ಜೊತೆಗೆ ದುಡಿದವರು ಒಬ್ಬರಿಗೊಬ್ಬರು ಆಡಿಕೊಂಡ ಮಾತು ಓದುವುದು ಕಷ್ಟ. ಆದರೂ ತೀರ್ಮಾನ ಎಲ್ಲಿ ಆಯಿತು, ಯಾರು ಯಾವ ಕಾರಣಕ್ಕೆ ಯಾವ ಕಡೆ ನಿಂತರು ಎಂದು ಅಲ್ಲಿ ಯಾರೂ ಕೇಳಬೇಕಿರಲಿಲ್ಲ. ಆ ಸಮಿತಿಯ ಚರ್ಚೆಯೂ ಮತವೂ ಬಹಿರಂಗವಾಗಿರಬೇಕೆಂಬುದು ಸಂವಿಧಾನದ್ದೇ ಕಟ್ಟಳೆ. ಆ ವರ್ಷ ಮುಗಿಯುವ ಮೊದಲು ಸಮಿತಿಯ ಸದಸ್ಯತ್ವಕ್ಕೆ ಅವಧಿಯ ಮಿತಿಯನ್ನೂ ತಂದರು.

ಬಿಚ್ಚಿಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾನೂ ಒಂದು ಕಾಲಕ್ಕೆ ನಂಬಿದ್ದೆ. ಆ ನಂಬಿಕೆ ಸಡಿಲವಾದದ್ದೂ ಡೆಬಿಯನ್ ಕಥೆಯಿಂದಲೇ. 2006ರಲ್ಲಿ ಅವರು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿದರು. ತಪ್ಪು ಹುಡುಕುವ ಸಾಧನವೊಂದು ಎಚ್ಚರಿಕೆ ಕೊಡುತ್ತಿದ್ದ ಕಡೆ ಸಂಕೇತದ ಸಾಲನ್ನು ಕೆಲಸ ಮಾಡದ ಹಾಗೆ ಮಾಡಿದ್ದಷ್ಟೆ. ಅದನ್ನು ಮಾಡಿದವರು ಮೂಲ ತಂತ್ರಾಂಶದವರನ್ನು ಬಹಿರಂಗವಾಗಿಯೇ ವಿಚಾರಿಸಿದ್ದರು. ಆದರೆ ಯಂತ್ರ ಹುಟ್ಟಿಸುವ ಕೀಲಿಗಳು ಊಹೆಗೆ ನಿಲುಕದ ಹಾಗೆ ಇರಲು ಬೇಕಾದ ಕಲಬೆರಕೆ ಆ ಸಾಲಿನೊಡನೆ ಹೊರಟುಹೋಯಿತು. ಎಣಿಸಲಾಗದಷ್ಟು ಇರಬೇಕಾದ ಕೀಲಿಗಳು ಒಂದೊಂದು ಬಗೆಯಲ್ಲಿ 32,767ಕ್ಕೆ ಇಳಿದವು. ಒಂದು ಸಾಧಾರಣ ಕಂಪ್ಯೂಟರು ಎಲ್ಲವನ್ನೂ ಹಾಕಿ ನೋಡಬಹುದಾದಷ್ಟು. ಅದು ಪತ್ತೆಯಾಗಿ ಹೊರಬಂದದ್ದು 2008ರ ಮೇ 13ರಂದು. ಹೆಚ್ಚುಕಡಿಮೆ ಇಪ್ಪತ್ತು ತಿಂಗಳು ಆ ಬದಲಾವಣೆ ಎಲ್ಲರ ಕಣ್ಣೆದುರಿಗೇ ಬಿದ್ದಿತ್ತು. ಯಾರು ಬೇಕಾದರೂ ನೋಡಬಹುದಿತ್ತು, ಆದ್ದರಿಂದ ಯಾರೋ ನೋಡಿರುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡರು.

ಗೊತ್ತಾದ ಮೇಲೆ ಅವರು ಅದನ್ನು ಮರೆಮಾಚಲಿಲ್ಲ. 1997ರಲ್ಲಿ ಒಪ್ಪಿದ ತಮ್ಮ ಸಾಮಾಜಿಕ ಒಪ್ಪಂದದಲ್ಲಿ ಸಮಸ್ಯೆಗಳನ್ನು ಬಚ್ಚಿಡುವುದಿಲ್ಲ ಎಂದು ಮಾತು ಕೊಟ್ಟಿದ್ದರು, ತಪ್ಪುಗಳ ಪಟ್ಟಿ ಯಾವಾಗಲೂ ಸಾರ್ವಜನಿಕರ ಮುಂದಿರುತ್ತದೆ ಎಂದು. ತಪ್ಪು ನಮ್ಮದು, ಈ ಅವಧಿಯಲ್ಲಿ ಹುಟ್ಟಿದ ಕೀಲಿಗಳನ್ನೆಲ್ಲ ಬಿಸಾಡಿ ಹೊಸದು ಮಾಡಿಕೊಳ್ಳಿ ಎಂದು ಜಗತ್ತಿಗೆಲ್ಲ ಹೇಳುವುದು ಸುಲಭದ ಮಾತಲ್ಲ. ಅದನ್ನು ಹೇಳಿದರು. ನನಗೆ ಡೆಬಿಯನ್ ಮೇಲೆ ಗೌರವ ಬಂದದ್ದು ಅಲ್ಲಿ.

ಇನ್ನೊಂದು ಪ್ರಸಂಗವಿದೆ. ಹೊರಗಿನವರಿಗೆ ಅಷ್ಟು ಗೊತ್ತಿಲ್ಲದ್ದು, ನನ್ನನ್ನು ಹೆಚ್ಚು ಕಾಡಿದ್ದು. ಡೆಬಿಯನ್ ಸದಸ್ಯರಿಗೆ ತಮ್ಮೊಳಗೆ ಮಾತಾಡಿಕೊಳ್ಳಲು ಒಂದು ಖಾಸಗಿ ಜಾಗವಿದೆ. 2005ರಲ್ಲಿ ಒಂದು ಠರಾವು ಮಾಡಿದರು: ಅಲ್ಲಿನ ಮಾತುಕತೆ ಮೂರು ವರ್ಷ ಹಳತಾದ ಮೇಲೆ ಅದನ್ನು ಪರಿಶೀಲಿಸಿ, ಬಿಡಬೇಕಾದ್ದನ್ನು ಬಿಟ್ಟು, ಮಿಕ್ಕದ್ದನ್ನು ಬಹಿರಂಗ ಮಾಡೋಣ. ಒಳ್ಳೆಯ ಠರಾವು. ಆದರೆ ಸಾವಿರಾರು ಪತ್ರಗಳನ್ನು ಕೂತು ಓದಿ, ಒಬ್ಬೊಬ್ಬರನ್ನೂ ಕೇಳಿ, ಯಾರ ಕಾಯಿಲೆಯ ಸುದ್ದಿ, ಯಾರ ಮನೆಯ ಕಷ್ಟ ಎಂದು ಸೋಸುವವರು ಯಾರು? ಕೆಲಸ ಆಗಲಿಲ್ಲ. 2016ರಲ್ಲಿ, ಆ ಜಾಗ ಖಾಸಗಿಯಾಗಿಯೇ ಉಳಿಯುತ್ತದೆಂದು ಒಪ್ಪಿಕೊಂಡು ಹಳೆಯ ಠರಾವನ್ನು ಹಿಂದಕ್ಕೆ ಪಡೆದರು.

ಇದನ್ನು ಸೋಲೆಂದು ಓದುವವರಿದ್ದಾರೆ. ನನಗೆ ಇದರಲ್ಲಿ ನಮ್ಮಪ್ಪನ ಲಾಂದ್ರದ ಬೆಳಕು ಕಂಡಿತು. ಪಾರದರ್ಶಕತೆ ಎಂಬ ಪದವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಗಾಜು ತಾನಾಗಿ ಪಾರದರ್ಶಕ. ಅದು ಏನೂ ಮಾಡಬೇಕಾಗಿಲ್ಲ. ಸಂಘ ಹಾಗಲ್ಲ. ಯಾರೋ ಒಬ್ಬರು ದಿನದ ಕೆಲಸ ಮುಗಿಸಿ, ಹಾಲಿನ ಲೆಕ್ಕ ಮುಗಿಸಿ, ನಿದ್ದೆಗಣ್ಣಿನಲ್ಲಿ ಕೂತು ಬರೆದರೆ ಮಾತ್ರ ಅದು ಹೊರಗಿನವರಿಗೆ ಕಾಣುತ್ತದೆ. ಈ ದುಡಿಮೆಗೆ ನಾವು ಬೆಲೆ ಕೊಡುವುದಿಲ್ಲ. ಹೊಸ ಸವಲತ್ತು ಬರೆದವನಿಗೆ ಚಪ್ಪಾಳೆ ಸಿಗುತ್ತದೆ. ಸಭೆಯ ನಡವಳಿ ಬರೆದವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಇನ್ನು ಕೆಲವರು ಎಲ್ಲವನ್ನೂ, ಹತ್ತು ಸಾವಿರ ಪತ್ರಗಳನ್ನು ಸೋಸದೆ ಹಾಗೇ ಸುರಿದು, ನೋಡಿ ಎಲ್ಲ ತೆರೆದಿದೆ ಅನ್ನುತ್ತಾರೆ. ಹುಲ್ಲಿನ ಬಣವೆಯಲ್ಲಿ ಸೂಜಿ ಇಟ್ಟು, ಸೂಜಿ ಬಚ್ಚಿಟ್ಟಿಲ್ಲ ಎಂದ ಹಾಗೆ. ನಿನ್ನೆ ಬಂದ ಹೊಸಬಳೊಬ್ಬಳಿಗೆ ಹತ್ತು ಸಾವಿರ ಪತ್ರಕ್ಕಿಂತ ಒಂದು ಪುಟದ ಠರಾವು ಹೆಚ್ಚು ಕಾಣಿಸುತ್ತದೆ.

ಕೊನೆಗೆ 2022ರ ಪ್ರಶ್ನೆ. ಇದರ ಬಗ್ಗೆ ನಾನು ಒಂದಷ್ಟು ಕಾಲ ಎರಡು ಮನಸ್ಸಿನಲ್ಲಿದ್ದೆ.

ಡೆಬಿಯನ್‌ನಲ್ಲಿ ನಾಯಕನ ಚುನಾವಣೆಯ ಮತ ಗುಟ್ಟಾಗಿರುತ್ತಿತ್ತು. ಉಳಿದ ಠರಾವುಗಳಲ್ಲಿ ಮಾತ್ರ ಯಾರು ಯಾವುದಕ್ಕೆ ಯಾವ ಕ್ರಮಾಂಕ ಕೊಟ್ಟರೆಂದು ಹೆಸರು ಸಮೇತ ಪ್ರಕಟವಾಗುತ್ತಿತ್ತು. 2021ರಲ್ಲಿ, ಮುಕ್ತ ತಂತ್ರಾಂಶ ಚಳವಳಿಯನ್ನು ಶುರುಮಾಡಿದ, ವಿವಾದವೊಂದರಿಂದ ಹೊರಹೋಗಿದ್ದ ರಿಚರ್ಡ್ ಸ್ಟಾಲ್‌ಮನ್ ಮರಳಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಮಂಡಳಿಗೆ ಬಂದರು. ಅದರ ಬಗ್ಗೆ ಡೆಬಿಯನ್ ಹೇಳಿಕೆ ಕೊಡಬೇಕೇ ಎಂಬ ಠರಾವು ಬಂತು; ಕೊಡುವುದು ಬೇಡ ಎಂದಾಯಿತು. ಆದರೆ ಆ ಮತದಾನದ ಹೊತ್ತಿನಲ್ಲಿ ಹಲವು ಸದಸ್ಯರು, ನಮ್ಮ ಹೆಸರೂ ಮತವೂ ಹೊರಗೆ ಕಾಣುತ್ತದೆಂದರೆ ಮತ ಹಾಕಲು ಹಿಂಜರಿಕೆಯಾಗುತ್ತದೆ ಎಂದರು. ಮರುವರ್ಷ ಮತ್ತೊಂದು ಠರಾವು ಬಂತು. ಮತಗಳೆಲ್ಲ ಪ್ರಕಟವಾಗಬೇಕು, ಯಾರು ಬೇಕಾದರೂ ಎಣಿಸಿ ತಾಳೆ ನೋಡಬಹುದು. ಯಾವ ಮತ ಯಾರದು ಎಂಬುದು ಮಾತ್ರ ಹೊರಗೆ ಬರಬಾರದು. ತನ್ನ ಮತ ಪಟ್ಟಿಯಲ್ಲಿದೆಯೇ ಎಂದು ಹಾಕಿದವರು ಖಚಿತ ಮಾಡಿಕೊಳ್ಳುವ ಹಾಗಿರಬೇಕು. 2022ರ ಮಾರ್ಚಿನಿಂದ ಅದೇ ನಿಯಮ.

ಬಚ್ಚಿಡುವುದಿಲ್ಲ ಎಂದವರು ಬಚ್ಚಿಟ್ಟರಲ್ಲ ಎಂದು ಮೊದಲು ಬೇಸರವಾಯಿತು. ಆಮೇಲೆ ನಮ್ಮೂರ ಡೇರಿಯ ಕಟ್ಟಡದ ಜಾಗದ ಗಲಾಟೆ ನೆನಪಿಗೆ ಬಂತು. ಊರಿನ ದೊಡ್ಡ ಕುಳವೊಬ್ಬರು ತಮ್ಮ ಜಾಗವನ್ನೇ ಸಂಘ ಕೊಳ್ಳಬೇಕೆಂದಿದ್ದರು. ಕೈ ಎತ್ತಿಸಿಬಿಡೋಣ ಎಂದರು ಕೆಲವರು. ಆ ಕುಳದ ಹೊಲಕ್ಕೆ ಕೂಲಿಗೆ ಹೋಗುವವಳೊಬ್ಬಳು ಎರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಸದಸ್ಯೆ. ಅವರ ಎದುರೇ ಕೂತು ಅವಳು ಕೈ ಎತ್ತುವುದು ಹೇಗೆ? ನಮ್ಮಪ್ಪ ಚೀಟಿ ಹಾಕಿಸಿದರು. ಚೀಟಿಗಳನ್ನು ಎಲ್ಲರ ಮುಂದೆ ಬಿಚ್ಚಿ, ಒಂದೊಂದನ್ನೂ ಕೂಗಿ ಓದಿ, ಎಣಿಸಿ, ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿ ಬೀರುವಿನಲ್ಲಿಟ್ಟರು. ಸಂಘದ ದುಡ್ಡಿನ ಒಂದು ಪೈಸೆಯನ್ನೂ ಮುಚ್ಚಿಡದ ಮನುಷ್ಯ. ಸರ್ವ ಸದಸ್ಯರ ಸಭೆಯಲ್ಲಿ ಇಷ್ಟು ಜನಕ್ಕೆ ಇಷ್ಟು ಮುಂಗಡ ಕೊಟ್ಟಿದೆ ಎಂದು ಮೊತ್ತವನ್ನು ಓದುತ್ತಿದ್ದರು. ಮಗಳ ಮದುವೆಗೆಂದು ಯಾರು ಕೈಚಾಚಿದ್ದರು ಎಂಬುದನ್ನು ಮೈಕಿನ ಮುಂದೆ ಓದುತ್ತಿರಲಿಲ್ಲ.

ಡೆಬಿಯನ್‌ನವರಿಗೂ ಈ ವಿವೇಕ ಹೊಸತಾಗಿರಲಿಲ್ಲ. ತಾಂತ್ರಿಕ ಸಮಿತಿಯ ಚರ್ಚೆ ಬಹಿರಂಗವಾಗಿರಬೇಕು ಎಂದ ಅದೇ ಸಂವಿಧಾನ, ಸಮಿತಿಗೆ ಯಾರನ್ನು ನೇಮಿಸಬೇಕೆಂಬ ಮಾತು ಮಾತ್ರ ಖಾಸಗಿಯಾಗಿ ನಡೆಯಬಹುದು ಎನ್ನುತ್ತದೆ. ವಿಷಯದ ಬಗ್ಗೆ ಎಲ್ಲರ ಮುಂದೆ ಮಾತಾಡಬಹುದು. ಒಬ್ಬ ಮನುಷ್ಯ ಯೋಗ್ಯನೋ ಅಲ್ಲವೋ ಎಂದು ಅವನ ಮುಖದೆದುರು, ಊರೆದುರು ಅಳೆಯಬಾರದು. ಅಧಿಕಾರ ಹೇಗೆ ನಡೆಯಿತೆಂಬುದು ಬೆಳಕಿನಲ್ಲಿರಬೇಕು, ಅದರ ಎದುರು ನಿಲ್ಲಬೇಕಾದವರಿಗೆ ಒಂದಿಷ್ಟು ನೆರಳು ಬೇಕು. ಗೆರೆ ಎಲ್ಲಿ ಎಳೆಯಬೇಕೆಂಬುದು ಪ್ರತಿ ಸಲವೂ ಹೊಸ ಜಗಳವೇ. ಆದರೆ ನಾವು ಮಾಡಿದ್ದು ಅದಕ್ಕೆ ಪೂರ್ತಿ ತಿರುಗುಮುರುಗು. ಹುಡುಗನ ಕೆಲಸವೆಲ್ಲ ಬೆಳಕಿನಲ್ಲಿತ್ತು, ಅವನ ಪ್ರತಿ ಸಾಲಿಗೂ ಅವನ ಹೆಸರಿತ್ತು. ನಮ್ಮ ಐದು ಜನರ ತೀರ್ಮಾನ ನೆರಳಿನಲ್ಲಿತ್ತು.

ನಮಗೆ ದುರುದ್ದೇಶವಿರಲಿಲ್ಲ. ನಾವು ಗೆಳೆಯರಾಗಿದ್ದೆವು, ಒಬ್ಬರಿಗೊಬ್ಬರ ಮಾತು ಅರ್ಧಕ್ಕೇ ತಿಳಿಯುತ್ತಿತ್ತು, ಬರೆದಿಡಬೇಕು ಅನ್ನಿಸುತ್ತಲೇ ಇರಲಿಲ್ಲ. ಆ ಆಪ್ತತೆಯೇ ಹೊರಗಿನವನಿಗೆ ಗೋಡೆಯಾಯಿತು. ನಾಯಕರಿಲ್ಲದ, ನಿಯಮಗಳಿಲ್ಲದ ಗುಂಪುಗಳಲ್ಲಿ ಅಧಿಕಾರ ಗೆಳೆತನದೊಳಗೆ ಅಡಗಿ ಕೂರುತ್ತದೆ ಎಂದು ಅಮೆರಿಕದ ಸ್ತ್ರೀವಾದಿ ಜೋ ಫ್ರೀಮನ್ 1970ರ ದಶಕದ ಆರಂಭದಲ್ಲೇ ತಮ್ಮ ಚಳವಳಿಯ ಅನುಭವದಿಂದ ಬರೆದಿದ್ದರು. ನಾನು ಅದನ್ನು ಓದಿದ್ದು ಬಹಳ ತಡವಾಗಿ.

ಕಳೆದ ವರ್ಷ ಆ ಹಳೆಯ ಅನುವಾದಗಳನ್ನು ಹೊಸ ಆವೃತ್ತಿಗೆ ಹೊಂದಿಸಬೇಕಾಗಿ ಬಂದು ಹುಡುಗನ ಕಡತಗಳನ್ನು ತೆರೆದೆ. ಅನುವಾದದ ಕಡತದಲ್ಲಿ ಪ್ರತಿ ಸಾಲಿನ ಮೇಲೂ ಅನುವಾದಕ ಟಿಪ್ಪಣಿ ಬರೆಯಲು ಜಾಗವಿರುತ್ತದೆ. ಹ್ಯಾಶ್ ಗುರುತಿನಿಂದ ಶುರುವಾಗುವ ಆ ಸಾಲು ಬಳಸುವವರಿಗೆ ಕಾಣುವುದಿಲ್ಲ. ಮುಂದೆ ಆ ಕೆಲಸಕ್ಕೆ ಕೈ ಹಾಕುವವರಿಗೆಂದೇ ಇರುವಂಥದ್ದು. ನಾವು ಯಾರೂ ಅದನ್ನು ಬಳಸುತ್ತಿರಲಿಲ್ಲ. ಅವನು ಬಳಸಿದ್ದ. ಒಂದು ಕಡೆ ಹೀಗಿತ್ತು: “ಗುಪ್ತಪದ ಅಂತಲೇ ಇರಲಿ, ಗುಪ್ತಪದ ಬೇಡ. ನಮ್ಮವ್ವಗ ಗುಪ್ತಪದ ಅಂದ್ರ ತಿಳೀತದ.”

ಎರಡು ಸಲ ಓದಿದ ಮೇಲೆ ಅರ್ಥವಾಯಿತು. ಆ ರಾತ್ರಿ ನಾನು ಒಂದೇ ಸಲಕ್ಕೆ ಬದಲಿಸಿದಾಗ ಅವನ ಟಿಪ್ಪಣಿಯೊಳಗಿನ ಪದವೂ ಬದಲಾಗಿತ್ತು. ಅವನು ಬರೆದಿಟ್ಟ ಕಾರಣವನ್ನು ನಾನು ಓದಿರಲಿಲ್ಲ, ಓದದೆಯೇ ಅಳಿಸಿದ್ದೆ.

ಹಳೆಯ ದಾಖಲೆಯೊಳಗೆ ಹೋಗಿ ಅವನ ಮೂಲ ಸಾಲನ್ನು ಹುಡುಕಿ ತೆಗೆದೆ. ಅದನ್ನು ಮೊದಲಿದ್ದ ಹಾಗೆಯೇ ಅದರ ಜಾಗದಲ್ಲಿಟ್ಟೆ. ಅದರ ಕೆಳಗೆ ಇನ್ನೊಂದು ಟಿಪ್ಪಣಿ ಸೇರಿಸಿದೆ: ಪದ ಬದಲಿಸಿದ ದಿನ, ಅವತ್ತು ಕೂತಿದ್ದವರು ಐದು ಜನ, ನಾವು ಕೊಟ್ಟುಕೊಂಡ ಕಾರಣಗಳು, ಇದನ್ನು ಬರೆದವನನ್ನು ಕೇಳಿರಲಿಲ್ಲ ಎಂಬುದು. ಪದವನ್ನು ಮಾತ್ರ ಮುಟ್ಟಲಿಲ್ಲ. ಈಗ ತಂಡದಲ್ಲಿ ಹೊಸಬರಿದ್ದಾರೆ, ರಾಯಚೂರಿನವಳೊಬ್ಬಳು, ಕುಂದಾಪುರದವನೊಬ್ಬ. ಎರಡೂ ಪದಗಳನ್ನು, ಎರಡೂ ಕಡೆಯ ಕಾರಣಗಳನ್ನು ಬರೆದು ಅವರೆಲ್ಲರ ಮುಂದಿಟ್ಟು ಹದಿನೈದು ದಿನ ಸಮಯ ಕೊಟ್ಟಿದ್ದೇನೆ. ಅದನ್ನೇ ಆ ಹುಡುಗನ ಹಳೆಯ ವಿಳಾಸಕ್ಕೂ ಕಳಿಸಿದೆ.